ರಾಜಾಜ್ಞೆಯೂ ಅಂತಃಸಾಕ್ಷಿಯೂ: ನಾರ್ವೆಯ ಕ್ರೈಸ್ತ ಸಭೆಯ ಕಥೆ

1537ನೆಯ ಇಸವಿಯ ವಸಂತದಲ್ಲಿ ನಾರ್ವೆ ದೇಶದ ಕಟ್ಟಕಡೆಯ ಕ್ಯಾಥೊಲಿಕ್ ಆರ್ಚ್‌ಬಿಷಪ್ ಓಲಾವ್ ಎಂಗೆಲ್‌ಬ್ರೆಕ್ಟ್‌ಸನ್ ತನ್ನ ಪೀಠದ ಕಾಗದಪತ್ರಗಳನ್ನೂ ಉಳಿದಿದ್ದ ಭಂಡಾರವನ್ನೂ ಹಡಗಿಗೇರಿಸಿಕೊಂಡು, ಟ್ರೊಂಡ್‌ಹೈಮ್ ನಗರವನ್ನು ಬಿಟ್ಟು ನೆದರ್ಲೆಂಡ್ಸ್ ಕಡೆಗೆ ಪಲಾಯನ ಮಾಡಿದನು. ಮರುವರ್ಷ ಪರದೇಶದಲ್ಲಿಯೇ ಕಾಲವಾದನು. ಡೆನ್ಮಾರ್ಕಿನ ದೊರೆ ಮೂರನೆಯ ಕ್ರಿಸ್ಟಿಯನ್ ನಾರ್ವೆಯನ್ನು ತನ್ನ ರಾಜ್ಯದ ಒಂದು ಭಾಗವೆಂದು ಸಾರಿ, ಲೂಥರನ ಮತವನ್ನು ಅಲ್ಲಿಯ ಮತವನ್ನಾಗಿ ವಿಧಿಸಿದ್ದನು. ಜರ್ಮನಿಯ ನಗರಗಳಲ್ಲಿ ಪಂಡಿತರ ವಾದವಿವಾದಗಳಿಂದಲೂ ಪುರಜನರ ಉತ್ಸಾಹದಿಂದಲೂ ಹರಡಿದ ಆ ಸುಧಾರಣೆ, ಉತ್ತರದ ಆ ಕಡಲಂಚಿನ ಬಡನಾಡಿಗೆ ಬಂದದ್ದು ರಾಜಶಾಸನದ ರೂಪದಲ್ಲಿ. ನಾರ್ವೆಯ ಸುವಾರ್ತಾ ಸಭೆಗೆ ಜನ್ಮ ಕೊಟ್ಟದ್ದೇ ಅರಸನ ಆಜ್ಞೆ; ಅದರ ಬಿಷಪ್ಪರು ಅರಸನ ಸೇವಕರು; ಅದರ ಪಾದ್ರಿಗಳು ಅರಸನಿಂದ ನಿಯುಕ್ತರಾದವರು. ಇಂತಹ ಸಭೆಯೊಂದು ನಾನೂರು ವರ್ಷಗಳ ಅನಂತರ, ಒಂದೇ ವಸಂತದಲ್ಲಿ, ಬಿಷಪ್ಪರಿಂದ ಹಳ್ಳಿಯ ಪಾದ್ರಿಯವರೆಗೆ ಬಹುತೇಕ ಒಂದೇ ದನಿಯಿಂದ ಸರಕಾರಕ್ಕೆ ತನ್ನ ಅಧಿಕಾರವನ್ನು ಹಿಂದಿರುಗಿಸಿತೆಂಬುದು ಇಪ್ಪತ್ತನೆಯ ಶತಮಾನದ ಮತೇತಿಹಾಸದಲ್ಲಿ ಬಹು ಗಂಭೀರವಾದ ಘಟನೆಗಳಲ್ಲೊಂದು.

ವಿಧೇಯತೆಯ ಪ್ರಶ್ನೆ ಕ್ರೈಸ್ತಮತದಷ್ಟೇ ಹಳೆಯದು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯದಲ್ಲಿ, ಮೇಲಧಿಕಾರಿಗಳೆಲ್ಲರೂ ದೇವರಿಂದ ನೇಮಕವಾದವರೆಂದೂ ಅವರನ್ನು ಎದುರಿಸುವವನು ದೇವರ ನೇಮವನ್ನೇ ಎದುರಿಸುವನೆಂದೂ ಬೋಧಿಸಿದನು. ಅಪೊಸ್ತಲರ ಕೃತ್ಯಗಳಲ್ಲಾದರೋ, ಯೆರೂಸಲೇಮಿನ ನ್ಯಾಯಸಭೆಯ ಎದುರಿಗೆ ನಿಂತ ಪೇತ್ರನು, ಮನುಷ್ಯರ ಮಾತಿಗಿಂತ ದೇವರ ಮಾತಿಗೆ ತಾನು ಹೆಚ್ಚು ಬದ್ಧನೆಂದು ಮುಖಕ್ಕೆ ಮುಖ ಕೊಟ್ಟು ಹೇಳಿದನು. ಎರಡೂ ಒಂದೇ ಗ್ರಂಥದ ಮಾತುಗಳು. ಲೂಥರನ ಅನುಯಾಯಿಗಳು 1530ರಲ್ಲಿ ಆಗ್ಸ್‌ಬರ್ಗಿನಲ್ಲಿ ಒಪ್ಪಿಸಿದ ವಿಶ್ವಾಸಪ್ರಮಾಣದ ಹದಿನಾರನೆಯ ವಿಧಿ ಇವೆರಡನ್ನೂ ಒಂದೆಡೆ ತಂದು, ರಾಜ್ಯಾಧಿಕಾರಕ್ಕೆ ತಲೆಬಾಗುವುದು ಕ್ರೈಸ್ತನ ಕರ್ತವ್ಯವೆಂದೂ, ಪಾಪವನ್ನು ಮಾಡೆಂದು ಅಪ್ಪಣೆಯಾದಾಗ ಮಾತ್ರ ದೇವರ ಆಜ್ಞೆಯೇ ಮೇಲೆಂದೂ ನಿರ್ಣಯಿಸಿತು. ಮುಂದಿನ ಶತಮಾನಗಳ ಲೂಥರನ್ ರಾಜ್ಯಗಳಲ್ಲಿ ಈ ವಿಧಿಯ ಮೊದಲ ಭಾಗವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಎರಡನೆಯ ಭಾಗ ಗ್ರಂಥದಲ್ಲಿ ಉಳಿಯಿತು.

ಹಾಗೆ ಉಳಿದದ್ದು ನಾರ್ವೆಯಲ್ಲಿ ಪುನಃ ಜೀವ ತಳೆದದ್ದು ಒಬ್ಬ ರೈತನ ಮಗನಿಂದ. 1796ರ ಏಪ್ರಿಲ್ 5ರಂದು, ಟೂನೆ ಎಂಬ ಸೀಮೆಯ ತನ್ನ ತಂದೆಯ ಹೊಲದಲ್ಲಿ ಉಳುತ್ತ ಕೀರ್ತನೆ ಹಾಡಿಕೊಳ್ಳುತ್ತಿದ್ದ ಹಾನ್ಸ್ ನೀಲ್ಸೆನ್ ಹೌಗೆ ಎಂಬ ಇಪ್ಪತ್ತೈದು ವರ್ಷದ ತರುಣನಿಗೆ ದೈವಾನುಭವವೊಂದು ಉಂಟಾಯಿತು. ಅಂದಿನಿಂದ ಆತನು ಕಾಲ್ನಡಿಗೆಯಲ್ಲಿ ದೇಶವನ್ನೆಲ್ಲ ಸುತ್ತಿ, ರೈತರ ಮನೆಗಳಲ್ಲಿ ಕುಳಿತು ಉಪದೇಶ ಮಾಡಿದನು. ನಡೆಯುವ ಹೊತ್ತು ವ್ಯರ್ಥವಾಗಬಾರದೆಂದು ದಾರಿಯುದ್ದಕ್ಕೂ ಉಣ್ಣೆಯ ಕೈಗವಸುಗಳನ್ನು ಹೆಣೆಯುತ್ತ ನಡೆಯುತ್ತಿದ್ದನೆಂದು ಜನ ಇಂದಿಗೂ ನೆನೆಯುತ್ತಾರೆ. ಆದರೆ 1741ರ ರಾಜಶಾಸನವೊಂದರಂತೆ, ಪಾದ್ರಿಯ ಅನುಮತಿಯಿಲ್ಲದೆ ಗೃಹಸ್ಥರು ಪ್ರಾರ್ಥನಾಕೂಟಗಳನ್ನು ನಡೆಸುವುದು ಅಪರಾಧವಾಗಿದ್ದಿತು. ಹೌಗೆ ಅನೇಕ ಸಲ ಬಂಧಿತನಾದನು. 1804ರಲ್ಲಿ ಹಿಡಿದಾಗಲಂತೂ ವಿಚಾರಣೆ ಹತ್ತು ವರ್ಷಗಳವರೆಗೆ ಎಳೆಯಿತು. ನಡುವೆ ನಡೆದ ಸಂಗತಿ ಇದು: ನೆಪೋಲಿಯನ್ ಕಾಲದ ಯುದ್ಧದಲ್ಲಿ ಇಂಗ್ಲೆಂಡಿನ ನೌಕೆಗಳು ನಾರ್ವೆಯ ಕರಾವಳಿಯನ್ನು ಮುತ್ತಿದಾಗ ದೇಶದಲ್ಲಿ ಉಪ್ಪಿಗೆ ಬರಗಾಲ ಬಂದಿತು, ಉಪ್ಪಿಲ್ಲದಿದ್ದರೆ ಮೀನು ಕೆಡುವುದು, ಮೀನು ಕೆಟ್ಟರೆ ಜನ ಉಪವಾಸ ಬೀಳುವರು. ವ್ಯವಹಾರಜ್ಞಾನದಲ್ಲಿ ಹೌಗೆಗೆ ಸಮನಿಲ್ಲವೆಂದು ಬಲ್ಲ ಸರಕಾರ 1809ರಲ್ಲಿ ಆತನನ್ನು ಸೆರೆಯಿಂದ ಬಿಟ್ಟು, ಸಮುದ್ರದ ನೀರಿನಿಂದ ಉಪ್ಪು ಕಾಯಿಸುವ ಕಾರ್ಖಾನೆಗಳನ್ನು ಕಟ್ಟಿಸಿಕೊಂಡಿತು. ಆತನು ಮನಃಪೂರ್ವಕವಾಗಿ ಆ ಕೆಲಸವನ್ನು ಮುಗಿಸಿದನು. ಸರಕಾರ ಆತನನ್ನು ಮರಳಿ ಸೆರೆಗೆ ಕಳುಹಿಸಿತು. ಆತನೂ ಮರುಮಾತಿಲ್ಲದೆ ಹಿಂದಿರುಗಿದನು. ಕಡೆಗೆ 1814ರಲ್ಲಿ ದಂಡ ತೆತ್ತು ಮೊಕದ್ದಮೆಯಿಂದ ಬಿಡುಗಡೆ ಹೊಂದಿದಾಗ ಆತನ ಶರೀರ ಜರ್ಜರಿತವಾಗಿದ್ದಿತು. ಹತ್ತೇ ವರ್ಷಗಳಲ್ಲಿ, 1824ರಲ್ಲಿ, ತೀರಿಕೊಳ್ಳುವ ಮುನ್ನ ತನ್ನ ಮಿತ್ರರಿಗೆ ಬರೆದಿಟ್ಟ ಮರಣಶಾಸನದಲ್ಲಿ, ರಾಜ್ಯದ ಸಭೆಯನ್ನು ಬಿಟ್ಟು ಬೇರೆ ಪಂಥ ಕಟ್ಟಬೇಡಿರೆಂದು ಬೇಡಿಕೊಂಡನು.

ಉಪದೇಶ ಮಾಡಬೇಡವೆಂಬ ಆಜ್ಞೆಯನ್ನು ಮೀರಿದವನು, ಉಪ್ಪು ಮಾಡೆಂಬ ಆಜ್ಞೆಯನ್ನು ಶಿರಸಾವಹಿಸಿದನು. ಸೆರೆಗೆ ನಡೆಯೆಂದಾಗಲೂ ನಡೆದನು. ಈ ನಡತೆಯ ಸೂಕ್ಷ್ಮ ನಾರ್ವೆಯ ಜನರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಇಳಿದಿತ್ತೆಂಬುದು ಮುಂದೆ ತಿಳಿದುಬಂದಿತು. 1842ರಲ್ಲಿ ಆ ಹಳೆಯ ಶಾಸನ ರದ್ದಾಯಿತು. ಹೌಗೆಯ ಹಾದಿಯವರು ಊರೂರಿನಲ್ಲಿ ಪ್ರಾರ್ಥನಾಮಂದಿರಗಳನ್ನು ಕಟ್ಟಿಕೊಂಡರು.

ಹೌಗೆ ದಂಡ ತೆತ್ತ ಆ 1814ರಲ್ಲಿಯೇ ಐಡ್ಸ್‌ವೊಲ್ ಎಂಬಲ್ಲಿ ಕೂಡಿದ ರಾಷ್ಟ್ರಸಭೆ ನಾರ್ವೆಗೆ ಸಂವಿಧಾನವೊಂದನ್ನು ರಚಿಸಿತು. ಆ ಕಾಲಕ್ಕೆ ಅದು ಯೂರೋಪಿನಲ್ಲಿಯೇ ಉದಾರವಾದ ಸಂವಿಧಾನ. ಆದರೂ ಅದರ ಎರಡನೆಯ ವಿಧಿ, ಸುವಾರ್ತಾ-ಲೂಥರನ್ ಮತವು ರಾಜ್ಯದ ಸಾರ್ವಜನಿಕ ಮತವಾಗಿ ಉಳಿಯತಕ್ಕದ್ದೆಂದು ಹೇಳಿ, ಯೆಹೂದ್ಯರಿಗೆ ದೇಶದೊಳಗೆ ಪ್ರವೇಶವೇ ಇಲ್ಲವೆಂದೂ ಸೇರಿಸಿತು. ಈ ಕಳಂಕವನ್ನು ತೊಡೆದುಹಾಕಲು ಕೊನೆಯವರೆಗೂ ಹೋರಾಡಿದವನು ಕವಿ ಹೆನ್ರಿಕ್ ವೆರ್ಗೆಲಾಂಡ್. ಪಾದ್ರಿಯ ಮಗ, ಸ್ವತಃ ದೇವತಾಶಾಸ್ತ್ರವನ್ನು ಓದಿದವನು, ಆ ವಿಧಿಯನ್ನು ರಚಿಸಿದ ಐಡ್ಸ್‌ವೊಲ್ ಸಭೆಯಲ್ಲಿ ಆತನ ತಂದೆಯೇ ಸದಸ್ಯನಾಗಿದ್ದನು. ವೆರ್ಗೆಲಾಂಡ್ 1845ರಲ್ಲಿ ತೀರಿಕೊಂಡನು. ನಿಷೇಧ ಎದ್ದುಹೋದದ್ದು 1851ರಲ್ಲಿ. ಈ ಇಸವಿಯನ್ನು ಓದುಗರು ನೆನಪಿನಲ್ಲಿಡಬೇಕು.

1940ರ ಏಪ್ರಿಲ್ 9ರ ನಸುಕಿನಲ್ಲಿ ಜರ್ಮನಿಯ ಸೈನ್ಯ ನಾರ್ವೆಯ ಬಂದರುಗಳಲ್ಲಿ ಇಳಿಯಿತು. ದೊರೆ ಏಳನೆಯ ಹಾಕೋನ್ ಶರಣಾಗಲೊಲ್ಲದೆ ಉತ್ತರಕ್ಕೆ ಸರಿದು, ಜೂನ್ ತಿಂಗಳಲ್ಲಿ ಇಂಗ್ಲೆಂಡಿಗೆ ಹೋದನು. ಓಸ್ಲೋವಿನ ಬಿಷಪ್ ಆಗಿದ್ದವರು ಐವಿಂಡ್ ಬೆರ್ಗ್‌ಗ್ರಾವ್, ಐವತ್ತೈದು ವರ್ಷದವರು, ಹಿಂದೆ ಶಾಲೆಯ ಉಪಾಧ್ಯಾಯರಾಗಿ, ಸೆರೆಮನೆಯ ಪಾದ್ರಿಯಾಗಿ, ಆರ್ಕ್‌ಟಿಕ್ ಸೀಮೆಯ ಬಿಷಪ್ ಆಗಿ ದುಡಿದವರು. ಮುಂದೆ ಪ್ರತಿಭಟನೆಯ ಪ್ರತೀಕವಾದ ಈ ಮಹನೀಯರು ಮೊದಲ ವಾರದಲ್ಲಿ ಮಾಡಿದ್ದೇನೆಂಬುದನ್ನು ಮುಚ್ಚಿಡುವುದು ಸತ್ಯಕ್ಕೆ ದ್ರೋಹ. ಏಪ್ರಿಲ್ 14ರಂದು ಅವರು ಆಕಾಶವಾಣಿಯಲ್ಲಿ ಮಾತನಾಡಿ, ನಾಗರಿಕರು ಯುದ್ಧದಲ್ಲಿ ಕೈಹಾಕಬಾರದೆಂದು ಕೇಳಿಕೊಂಡರು. ಓಸ್ಲೋ ಬಳಿಯ ಕಾಡುಗಳಲ್ಲಿ ನಾರ್ವೆಯ ಸೈನಿಕರು ಅಡಗಿರುವರೆಂಬ ಸುದ್ದಿ ಬಂದಾಗ ಅವರಿಗೆ ಬುದ್ಧಿ ಹೇಳಲು ತಾವೇ ಅಲ್ಲಿಗೆ ಹೋದರು. ರಕ್ತಪಾತ ತಪ್ಪಲೆಂಬುದು ಅವರ ಉದ್ದೇಶ. ಆದರೆ ಅದು ಆಕ್ರಮಣಕಾರನಿಗೆ ಒದಗಿದ ಸಹಾಯವಾಯಿತೆಂದು ಅನೇಕ ದೇಶಬಾಂಧವರು ಅವರನ್ನು ದೂಷಿಸಿದರು. ಅದೇ ವರ್ಷ ಸೆಪ್ಟೆಂಬರ್ 25ರಂದು ಹಿಟ್ಲರನ ಪ್ರತಿನಿಧಿ ಟೆರ್ಬೋವನ್, ರಾಜವಂಶದ ಅಧಿಕಾರ ಮುಗಿಯಿತೆಂದು ಸಾರಿ, ನಾಜಿಗಳೊಡನೆ ಕೈಜೋಡಿಸಿದ್ದ ನಾರ್ವೆಯ ರಾಜಕಾರಣಿ ಕ್ವಿಸ್ಲಿಂಗನ ಪಕ್ಷವೊಂದನ್ನುಳಿದು ಉಳಿದೆಲ್ಲ ಪಕ್ಷಗಳನ್ನು ನಿಷೇಧಿಸಿದನು. ಭಾನುವಾರದ ಆರಾಧನೆಯಲ್ಲಿ ದೊರೆಗಾಗಿ ಸಲ್ಲಿಸುತ್ತಿದ್ದ ಪ್ರಾರ್ಥನೆಯನ್ನು ಕೈಬಿಡಬೇಕೆಂದು ಆಜ್ಞೆಯಾಯಿತು. ಸಭೆ ಅದನ್ನೂ ಪಾಲಿಸಿತು. ಪೌಲನ ಪತ್ರಿಕೆಯನ್ನು ನಾನೂರು ವರ್ಷ ಓದಿಕೊಂಡು ಬಂದವರು ಒಂದೇ ದಿನದಲ್ಲಿ ಎದ್ದುನಿಲ್ಲುವುದಿಲ್ಲ. ಅವರು ಯಾವುದನ್ನು ಬಿಟ್ಟುಕೊಟ್ಟರು, ಯಾವುದನ್ನು ಬಿಟ್ಟುಕೊಡಲಿಲ್ಲ ಎಂಬುದರಲ್ಲಿಯೇ ಈ ಕಥೆಯ ತಿರುಳಿದೆ.

ತೆರೆಮರೆಯಲ್ಲಿ ಒಂದು ಮಹತ್ಕಾರ್ಯ ನಡೆದಿತ್ತು. ಹೌಗೆಯ ಪರಂಪರೆಯ ನಿಷ್ಠಾವಂತರ ಮುಂದಾಳು ಪ್ರಾಧ್ಯಾಪಕ ಓಲೆ ಹಾಲೆಸ್ಬಿ. ಬೆರ್ಗ್‌ಗ್ರಾವರಂತಹ ಉದಾರವಾದಿಗಳೊಡನೆ ಸಹಕರಿಸಕೂಡದೆಂಬುದು ಅವರ ಕಡೆಯವರು 1920ರಲ್ಲಿ ಓಸ್ಲೋವಿನ ಕಾಲ್ಮೆಯರ್ ಬೀದಿಯ ಮಿಶನ್ ಮಂದಿರದಲ್ಲಿ ಕೂಡಿ ಮಾಡಿದ್ದ ನಿರ್ಣಯ. 1940ರ ಅಕ್ಟೋಬರಿನಲ್ಲಿ ಈ ಎರಡು ಪಕ್ಷಗಳೂ ಹಳೆಯ ಮನಸ್ತಾಪವನ್ನು ಬದಿಗಿಟ್ಟು ಕ್ರೈಸ್ತ ಸಮಾಲೋಚನಾ ಮಂಡಲಿಯೊಂದನ್ನು ರಚಿಸಿಕೊಂಡವು. ಅದೇ ತಿಂಗಳ ಕೊನೆಯಲ್ಲಿ ಅದೇ ಕಾಲ್ಮೆಯರ್ ಬೀದಿಯ ಮಂದಿರದಲ್ಲಿ ಬೆರ್ಗ್‌ಗ್ರಾವರೂ ಹಾಲೆಸ್ಬಿಯವರೂ ಒಂದೇ ವೇದಿಕೆಯಿಂದ, ಕಿಕ್ಕಿರಿದ ಜನರ ಮುಂದೆ ಮಾತನಾಡಿದರು. ಮತಶಾಸ್ತ್ರದ ಜಗಳವನ್ನು ಮರೆಯುವುದು ರಾಜಕೀಯ ವೈರವನ್ನು ಮರೆಯುವುದಕ್ಕಿಂತ ಕಷ್ಟವೆಂಬುದನ್ನು ನಮ್ಮ ದೇಶದ ಮಠ-ಮತಗಳ ಇತಿಹಾಸವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಮೊದಲ ಘರ್ಷಣೆ ಪಾಪನಿವೇದನೆಯ ವಿಷಯದಲ್ಲಿ ಉಂಟಾಯಿತು. ಮನಸ್ಸಿನ ಭಾರವನ್ನು ಇಳಿಸಿಕೊಳ್ಳಬಂದವನು ಪಾದ್ರಿಗೆ ಹೇಳಿಕೊಂಡ ಗುಟ್ಟನ್ನು ಪಾದ್ರಿ ಯಾರಿಗೂ ಹೊರಗೆಡಹಕೂಡದೆಂದು 1687ರ ರಾಜಶಾಸನದ ಕಾಲದಿಂದಲೂ ನಿಯಮವಿದ್ದಿತು. 1940ರ ಡಿಸೆಂಬರಿನಲ್ಲಿ ಹೊಸ ಸರಕಾರ, ಪೋಲೀಸರು ಕೇಳಿದರೆ ಪಾದ್ರಿಯು ಹೇಳಲೇಬೇಕೆಂದು ಆಜ್ಞಾಪಿಸಿತು. ಅದೇ ತಿಂಗಳಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರೆಲ್ಲರೂ ರಾಜೀನಾಮೆಯಿತ್ತು ಹೊರನಡೆದಿದ್ದರು. ಕ್ವಿಸ್ಲಿಂಗನ ಪಕ್ಷದ ದಳದವರು ಶಾಲೆಗಳಿಗೆ ನುಗ್ಗಿ ಉಪಾಧ್ಯಾಯರನ್ನು ಥಳಿಸುತ್ತಿದ್ದರು. ಈ ಮೂರನ್ನೂ ಒಟ್ಟಿಗೆ ಎತ್ತಿಕೊಂಡು ಬಿಷಪ್ಪರು 1941ರ ಜನವರಿಯಲ್ಲಿ ಸಚಿವಾಲಯಕ್ಕೆ ಬಿನ್ನಹ ಮಾಡಿದರು. ಉತ್ತರ ತೃಪ್ತಿಕರವಾಗದಿದ್ದಾಗ ಫೆಬ್ರವರಿಯಲ್ಲಿ ಅದನ್ನೇ ಸಭೆಗಳಿಗೆ ಪತ್ರರೂಪವಾಗಿ ಕಳುಹಿಸಿದರು. ಅವರ ವಾದ ನೇರವಾಗಿತ್ತು: ಕ್ರೈಸ್ತನು ವಿಧೇಯನಾಗಿರಬೇಕಾದದ್ದು ನ್ಯಾಯವನ್ನು ಕಾಪಾಡುವ ಅಧಿಕಾರಕ್ಕೆ, ನ್ಯಾಯವನ್ನು ತಾನೇ ಮುರಿಯುವ ಬಲಕ್ಕೆ ಪೌಲನು ಹೇಳಿದ ಅಧಿಕಾರವೆಂಬ ಬಿರುದು ಸಲ್ಲದು. ಅದೇ ವರ್ಷದ ಆರಂಭದಲ್ಲಿ ಬೆರ್ಗ್‌ಗ್ರಾವರು ಪಾದ್ರಿಗಳ ಮುಂದೆ ಲೂಥರನನ್ನು ಕುರಿತು ಉಪನ್ಯಾಸವೊಂದನ್ನು ಮಾಡಿದರು. ಸಾರೋಟಿನ ಸಾರಥಿ ಹುಚ್ಚನಾಗಿ ಕುದುರೆಗಳನ್ನು ಅಡ್ಡಾದಿಡ್ಡಿ ಓಡಿಸುತ್ತಿರುವಾಗ ಒಳಗೆ ಕುಳಿತವನ ಕರ್ತವ್ಯವೇನೆಂಬುದು ಅಲ್ಲಿಯ ಪ್ರಶ್ನೆ. ಅವನ ಕೈಯಿಂದ ಲಗಾಮನ್ನು ಕಿತ್ತುಕೊಳ್ಳುವುದೇ ಧರ್ಮವೆಂಬುದು ಉತ್ತರ. ವಿಧೇಯತೆಯ ಆಚಾರ್ಯನೆಂದು ಜರ್ಮನಿಯ ನಾಜಿ ಪಕ್ಷಪಾತಿ ಪಾದ್ರಿಗಳು ಕೊಂಡಾಡುತ್ತಿದ್ದ ಲೂಥರನ ಗ್ರಂಥಗಳಿಂದಲೇ ಈ ಪ್ರಮಾಣಗಳು ಬಂದವು. ಉಪನ್ಯಾಸದ ಪ್ರತಿಗಳು ಗುಟ್ಟಾಗಿ ಕೈಯಿಂದ ಕೈಗೆ ಸಾಗಿದವು.

1942ರ ಫೆಬ್ರವರಿ 1 ಭಾನುವಾರ. ಅಂದು ಓಸ್ಲೋವಿನ ಆಕೆರ್ಸ್‌ಹುಸ್ ಕೋಟೆಯಲ್ಲಿ ಕ್ವಿಸ್ಲಿಂಗನಿಗೆ ಪ್ರಧಾನಾಧ್ಯಕ್ಷನೆಂಬ ಪಟ್ಟವಾಯಿತು. ಅದರ ಗೌರವಾರ್ಥವಾಗಿ ಟ್ರೊಂಡ್‌ಹೈಮಿನ ನಿದಾರೋಸ್ ಮಹಾದೇವಾಲಯದಲ್ಲಿ, ಸಂತ ಓಲಾವನ ಸಮಾಧಿಯ ಮೇಲೆ ಎದ್ದು ನಿಂತಿದ್ದ, ನಾರ್ವೆಯ ಅರಸರಿಗೆ ಪಟ್ಟಕಟ್ಟುತ್ತಿದ್ದ ಆ ಪವಿತ್ರಸ್ಥಳದಲ್ಲಿ, ಬೆಳಗಿನ ಮುಖ್ಯ ಆರಾಧನೆಯನ್ನು ಸರಕಾರದ ಕಡೆಯ ಪಾದ್ರಿಯೊಬ್ಬನು ನಡೆಸಬೇಕೆಂದು ಅಪ್ಪಣೆಯಾಗಿತ್ತು. ಅಲ್ಲಿಯ ಪ್ರಧಾನ ಪಾದ್ರಿ ಆರ್ನೆ ಫ್ಯೆಲ್‌ಬು ತಮ್ಮ ಆರಾಧನೆಯನ್ನು ಮಧ್ಯಾಹ್ನ ಎರಡು ಗಂಟೆಗೆ ಮುಂದೂಡಿದರು. ಬೆಳಗಿನ ಆರಾಧನೆಗೆ ಬಂದವರು ಬೆರಳೆಣಿಕೆಯ ಪಕ್ಷಸ್ಥರು. ಮಧ್ಯಾಹ್ನ ಜನ ಗುಂಪುಗುಂಪಾಗಿ ಬರತೊಡಗಿದಾಗ ಪೋಲೀಸರು ಬಾಗಿಲುಗಳನ್ನು ಮುಚ್ಚಿಸಿದರು. ಮೊದಲೇ ಒಳಗೆ ಸೇರಿದ್ದವರೊಡನೆ ಫ್ಯೆಲ್‌ಬು ಆರಾಧನೆಯನ್ನು ನಡೆಸಿದರು. ಹೊರಗೆ ಉಳಿದ ಸಾವಿರಕ್ಕೂ ಮಿಕ್ಕ ಜನ ಚದರಿಹೋಗಲೊಲ್ಲದೆ, ಕೊರೆಯುವ ಚಳಿಯಲ್ಲಿ ಹಿಮದ ಮೇಲೆ ನಿಂತು ಲೂಥರನ ಪ್ರಸಿದ್ಧ ಕೀರ್ತನೆಯನ್ನೂ ಅನಂತರ ರಾಷ್ಟ್ರಗೀತೆಯನ್ನೂ ಹಾಡಿದರು. ಫ್ಯೆಲ್‌ಬುವನ್ನು ಸರಕಾರ ಪದಚ್ಯುತಗೊಳಿಸಿತು.

ಇದಕ್ಕೆ ಉತ್ತರವಾಗಿ ಫೆಬ್ರವರಿ 24ರಂದು ನಾರ್ವೆಯ ಏಳು ಮಂದಿ ಬಿಷಪ್ಪರೂ ಸರಕಾರಿ ಪದವಿಗೆ ರಾಜೀನಾಮೆಯಿತ್ತರು. ಈ ರಾಜೀನಾಮೆಯ ರಚನೆಯನ್ನು ಸ್ವಲ್ಪ ನಿಂತು ಪರಿಶೀಲಿಸಬೇಕು. ಬಿಷಪ್ಪನ ಸ್ಥಾನದಲ್ಲಿ ಎರಡು ಅಂಶಗಳಿದ್ದವು. ಸಂಬಳ, ಸರಕಾರಿ ಪತ್ರವ್ಯವಹಾರ, ನೇಮಕಾತಿಯ ಅಧಿಕಾರ ಇವು ರಾಜ್ಯ ಕೊಟ್ಟವು; ವೇದವನ್ನು ಬೋಧಿಸುವುದು, ಸಂಸ್ಕಾರಗಳನ್ನು ನಡೆಸುವುದು, ಜನರ ಆತ್ಮಗಳನ್ನು ನೋಡಿಕೊಳ್ಳುವುದು ಇವು ದೀಕ್ಷೆಯ ಕಾಲದಲ್ಲಿ ದೇವರು ಒಪ್ಪಿಸಿದವು. ರಾಜ್ಯ ಕೊಟ್ಟದ್ದನ್ನು ರಾಜ್ಯಕ್ಕೆ ಹಿಂದಿರುಗಿಸುತ್ತೇವೆ. ರಾಜ್ಯ ಕೊಡದೆ ಇದ್ದುದನ್ನು ರಾಜ್ಯಕ್ಕೆ ಒಪ್ಪಿಸಲಾರೆವು ಎಂಬುದೇ ಅವರ ನಿಲುವಿನ ಸಾರ. ಇದರಲ್ಲಿ ದಂಗೆಯ ಮಾತಿಲ್ಲ, ನಿಂದೆಯಿಲ್ಲ, ಶಸ್ತ್ರವಿಲ್ಲ. ಅಧಿಕಾರವನ್ನು ಗೌರವಿಸಲು ಕಲಿತವರಿಗೆ ಮಾತ್ರ ಹೊಳೆಯಬಹುದಾದ ಪ್ರತಿಭಟನೆ ಇದು: ಯಾವುದು ಯಾರದ್ದೆಂಬುದನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ವಿಂಗಡಿಸಿ, ಅದಕ್ಕೆ ತಕ್ಕಂತೆ ನಡೆಯುವುದು. ಉಪ್ಪಿನ ಕಾರ್ಖಾನೆಯಿಂದ ಸೆರೆಮನೆಗೆ ನಡೆದುಹೋದ ಹೌಗೆಯ ನಡತೆಯಲ್ಲಿದ್ದ ವಿವೇಕವೇ ಇಲ್ಲಿ ಒಂದು ಸಂಸ್ಥೆಯ ನಿರ್ಣಯವಾಯಿತು. ಅಸಹಕಾರದ ಕಾಲದಲ್ಲಿ ಸರಕಾರಿ ಉದ್ಯೋಗವನ್ನೂ ಬಿರುದುಗಳನ್ನೂ ತ್ಯಜಿಸಿದ ಹಿರಿಯರನ್ನು ಕಂಡ ನಮ್ಮ ನಾಡಿಗೆ ಈ ಬಗೆಯ ತ್ಯಾಗದ ಬೆಲೆ ಅಪರಿಚಿತವಲ್ಲ.

ಅದೇ ಫೆಬ್ರವರಿಯಲ್ಲಿ ಕ್ವಿಸ್ಲಿಂಗ್ ಎರಡು ಶಾಸನಗಳನ್ನು ಹೊರಡಿಸಿದ್ದನು. ಒಂದು, ಹತ್ತರಿಂದ ಹದಿನೆಂಟು ವರ್ಷದ ಮಕ್ಕಳೆಲ್ಲರೂ ಆತನ ಪಕ್ಷದ ಯುವದಳದಲ್ಲಿ ಸೇವೆ ಸಲ್ಲಿಸಬೇಕೆಂಬುದು. ಇನ್ನೊಂದು, ಉಪಾಧ್ಯಾಯರೆಲ್ಲರೂ ಸರಕಾರಿ ಸಂಘದ ಸದಸ್ಯರಾಗಬೇಕೆಂಬುದು. ಮಕ್ಕಳ ಮನಸ್ಸನ್ನು ರೂಪಿಸುವ ಹಕ್ಕು ತಂದೆತಾಯಿಗಳದ್ದೆಂದು ಬಿಷಪ್ಪರು ಪ್ರತಿಭಟಿಸಿದರು. ತಂದೆತಾಯಿಗಳು ಲಕ್ಷಕ್ಕೂ ಮಿಕ್ಕ ಸಂಖ್ಯೆಯಲ್ಲಿ ಸಚಿವಾಲಯಕ್ಕೆ ಪತ್ರ ಬರೆದರು. ಸುಮಾರು 14,000 ಉಪಾಧ್ಯಾಯರಲ್ಲಿ ಬಹುಸಂಖ್ಯಾತರು ತಮ್ಮ ಅಂತಃಸಾಕ್ಷಿ ಒಪ್ಪದೆಂದು ಒಂದೇ ಒಕ್ಕಣೆಯ ಕಾಗದವನ್ನು ತಂತಮ್ಮ ಹೆಸರಿನಲ್ಲಿ ಕಳುಹಿಸಿದರು. ಮಾರ್ಚಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿ, ಅವರಲ್ಲಿ ಸುಮಾರು ಐನೂರು ಮಂದಿಯನ್ನು ಸ್ಕ್ಯೆರ್‌ಸ್ಟಾಡ್ ಎಂಬ ಹಳೆಯ ಸಣ್ಣ ಹಡಗಿನಲ್ಲಿ ತುರುಕಿ, ಉತ್ತರ ಧ್ರುವವೃತ್ತದಾಚೆಯ ಕಿರ್ಕೆನೆಸ್ ಎಂಬಲ್ಲಿಗೆ ಕೂಲಿ ಮಾಡಲು ಕಳುಹಿಸಿದರು. ಹಿಂದೆಗೆದವರು ತೀರ ಕಡಿಮೆ. ವರ್ಷ ಮುಗಿಯುವುದರೊಳಗೆ ಸರಕಾರವೇ ಅವರನ್ನು ಮನೆಗೆ ಕಳುಹಿಸಬೇಕಾಯಿತು.

1942ರ ಏಪ್ರಿಲ್ 5 ಈಸ್ಟರ್ ಭಾನುವಾರ. ಹೌಗೆಗೆ ಹೊಲದಲ್ಲಿ ದರ್ಶನವಾಗಿ ಸರಿಯಾಗಿ 146 ವರ್ಷ. ಅಂದು ನಾರ್ವೆಯ ದೇವಾಲಯಗಳ ಪ್ರಸಂಗಪೀಠಗಳಿಂದ ‘ಸಭೆಯ ಆಧಾರ’ ಎಂಬ ಘೋಷಣೆಯನ್ನು ಓದಲಾಯಿತು. ಅದರ ರಚನೆಯಲ್ಲಿ ಬೆರ್ಗ್‌ಗ್ರಾವರ ಕೈ ಮುಖ್ಯವಾದುದು. ಆರು ವಿಧಿಗಳ ಆ ಘೋಷಣೆ ದೇವರ ವಾಕ್ಯದ ಸ್ವಾತಂತ್ರ್ಯ, ದೀಕ್ಷೆಯ ಪಾವಿತ್ರ್ಯ, ಸಭೆಯ ಒಗ್ಗಟ್ಟು, ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಹಕ್ಕು ಇವನ್ನು ಕ್ರಮವಾಗಿ ನಿರೂಪಿಸಿ, ಐದನೆಯ ವಿಧಿಯಲ್ಲಿ ಕ್ರೈಸ್ತನಿಗೂ ರಾಜ್ಯಾಧಿಕಾರಕ್ಕೂ ಇರಬೇಕಾದ ಸಂಬಂಧವನ್ನು ವಿವರಿಸಿತು. ಹಳೆಯ ಸಿದ್ಧಾಂತದಿಂದ ಒಂದಂಗುಲವೂ ಕದಲದೆ, ರಾಜ್ಯವೂ ಸಭೆಯೂ ದೇವರ ಎರಡು ಬೇರೆ ಬೇರೆ ಆಡಳಿತಗಳೆಂದೂ, ಒಂದು ಇನ್ನೊಂದರ ಸೀಮೆಯನ್ನು ಆಕ್ರಮಿಸಿ ಆತ್ಮಗಳ ಮೇಲೆ ದೊರೆತನ ಮಾಡುವುದಾದರೆ ಅದು ದಬ್ಬಾಳಿಕೆಯೆಂದೂ ಅದು ಸಾರಿತು. 1934ರಲ್ಲಿ ಜರ್ಮನಿಯ ಬಾರ್ಮೆನ್ ನಗರದಲ್ಲಿ ಕಾರ್ಲ್ ಬಾರ್ಟರ ಲೇಖನಿಯಿಂದ ಹೊರಟ ಪ್ರಸಿದ್ಧ ಘೋಷಣೆಗಿಂತ ಇದು ಈ ಒಂದು ಅಂಶದಲ್ಲಿ ಮುಂದೆ ಹೋಯಿತೆಂದು ನನ್ನ ಅಭಿಪ್ರಾಯ: ಬಾರ್ಮೆನ್ನಿನಲ್ಲಿ ಕೂಡಿದವರು ಮುಖ್ಯವಾಗಿ ಸಭೆಯ ಸತ್ಯವನ್ನು ಕಾಪಾಡಿದರು, ನಾರ್ವೆಯವರು ಸಭೆಯ ಸತ್ಯದೊಡನೆ ಶಾಲೆಯ ಮಗುವನ್ನೂ ತಂದೆತಾಯಿಗಳನ್ನೂ ಕಾಪಾಡಲೆತ್ನಿಸಿದರು. ಓದಿ ಮುಗಿಸಿ ಪಾದ್ರಿಗಳು ತಾವೂ ಸರಕಾರಿ ಪದವಿಯನ್ನು ತ್ಯಜಿಸಿದುದಾಗಿ ತಿಳಿಸಿದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹೀಗೆ ಮಾಡಿದರು.

ಹಳ್ಳಿಯ ಪಾದ್ರಿಯ ಮನೆಯಲ್ಲಿ ಇದರ ಅರ್ಥವೇನಾಗಿತ್ತೆಂಬುದನ್ನು ಊಹಿಸಿಕೊಳ್ಳಬೇಕು. ಹೆಂಡತಿ ಮಕ್ಕಳಿದ್ದ ಸಂಸಾರವಂದಿಗನಿಗೆ ತಿಂಗಳ ಸಂಬಳ ನಿಂತಿತು. ಊರಿನ ಜನನ, ವಿವಾಹ, ಮರಣಗಳನ್ನು ಬರೆದಿಡುತ್ತಿದ್ದ ದೊಡ್ಡ ದಾಖಲೆಪುಸ್ತಕ ಕೈಬಿಟ್ಟಿತು. ಆದರೆ ಮಗುವಿಗೆ ದೀಕ್ಷಾಸ್ನಾನ ಮಾಡಿಸಲು, ಹೆಣಕ್ಕೆ ಮಣ್ಣುಕೊಡಲು ಊರಿನವರು ಆತನನ್ನೇ ಕರೆದರು. ಜನರು ಗುಟ್ಟಾಗಿ ಹಣ ಕೂಡಿಸಿ, ದವಸಧಾನ್ಯ ತಂದುಕೊಟ್ಟು ಆ ಕುಟುಂಬಗಳನ್ನು ಸಾಕಿದರು. ಸರಕಾರ ಕೆಲವರನ್ನು ಸೆರೆಗೆ ಹಾಕಿತು, ಅನೇಕರನ್ನು ಅವರವರ ಊರುಗಳಿಂದ ಗಡೀಪಾರು ಮಾಡಿತು. ಅವರ ಬದಲಿಗೆ ನೇಮಿಸಿದ ಹೊಸ ಪಾದ್ರಿಗಳು ಬರಿದಾದ ಪೀಠಗಳ ಮುಂದೆ ಪ್ರಸಂಗ ಮಾಡಿದರು.

ಬೆರ್ಗ್‌ಗ್ರಾವರನ್ನು ಆ ಈಸ್ಟರ್ ವಾರದಲ್ಲಿಯೇ ಹಿಡಿದು ಬ್ರೆಡ್ಟ್‌ವೈಟ್ ಸೆರೆಮನೆಗೆ ಒಯ್ದರು. ಆಗ ಬರ್ಲಿನ್ನಿನಿಂದ ಇಬ್ಬರು ದೂತರು ಓಸ್ಲೋವಿಗೆ ಬಂದರು. ಮೇಲುನೋಟಕ್ಕೆ ಜರ್ಮನಿಯ ಸೈನಿಕ ಗುಪ್ತಚರ ವಿಭಾಗದ ಪ್ರತಿನಿಧಿಗಳು. ಅಂತರಂಗದಲ್ಲಿ ಹಿಟ್ಲರನ ವಿರೋಧಿಗಳು. ಒಬ್ಬರು ಹೆಲ್ಮೂಟ್ ಫಾನ್ ಮೋಲ್ಟ್ಕೆ, ಇನ್ನೊಬ್ಬರು ತರುಣ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್. ಗಾಂಧೀಜಿಯವರ ಆಶ್ರಮದಲ್ಲಿದ್ದು ಅಹಿಂಸಾತ್ಮಕ ಪ್ರತಿಭಟನೆಯನ್ನು ಕಲಿಯಬೇಕೆಂದು ಹಂಬಲಿಸಿ, 1934ರ ನವೆಂಬರಿನಲ್ಲಿ ಗಾಂಧೀಜಿಯವರಿಂದ ಬರಮಾಡಿಕೊಳ್ಳುವ ಪತ್ರವನ್ನೂ ಪಡೆದು, ಕಡೆಗೆ ಭಾರತಕ್ಕೆ ಬರಲಾಗದೆ ಹೋದ ಅದೇ ಬಾನ್‌ಹೋಫರ್. ಬಿಷಪ್ಪರನ್ನು ಪೀಡಿಸಿದರೆ ಜರ್ಮನಿಯ ಹಿತಕ್ಕೇ ಹಾನಿಯೆಂದು ಇವರು ಅಧಿಕಾರಿಗಳಿಗೆ ವರದಿ ಮಾಡಿದರು. ನಾರ್ವೆಯ ಮಿತ್ರರಿಗೆ ಮಾತ್ರ ಹಿಂದೆಗೆಯಬೇಡಿರೆಂದು ಧೈರ್ಯ ಹೇಳಿದರು. ಏಪ್ರಿಲ್ 16ರಂದು ಬೆರ್ಗ್‌ಗ್ರಾವರನ್ನು ಸೆರೆಮನೆಯಿಂದ ಬಿಡಿಸಿ, ಆಸ್ಕರ್ ಎಂಬ ಸೀಮೆಯ ಕಾಡಿನ ಸಣ್ಣ ಮರದ ಮನೆಯಲ್ಲಿ ಕಾವಲಿನಲ್ಲಿಟ್ಟರು. ಮೂರು ವರ್ಷ ಅಲ್ಲಿದ್ದು ಅವರು ರಾಜ್ಯವನ್ನೂ ಮನುಷ್ಯನನ್ನೂ ಕುರಿತ ಗ್ರಂಥವನ್ನು ಬರೆದರು. ಕಾವಲುಗಾರರಲ್ಲಿ ಕೆಲವರು ಅವರಿಗೆ ಒಲಿದು, ರಾತ್ರಿಯ ಹೊತ್ತು ಮಾರುವೇಷದಲ್ಲಿ ಹೊರಗೆ ಹೋಗಿಬರಲು ಬಿಟ್ಟದ್ದೂ ಉಂಟು. ಬಾನ್‌ಹೋಫರನ್ನೂ ಮೋಲ್ಟ್ಕೆಯನ್ನೂ ನಾಜಿಗಳು 1945ರಲ್ಲಿ ಗಲ್ಲಿಗೇರಿಸಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರಿಯ ವಿಜಯದ ಕಥೆಯಾಗುತ್ತಿತ್ತು. ಆದರೆ 1942ರ ಮಾರ್ಚಿನಲ್ಲಿ, ಬಿಷಪ್ಪರ ರಾಜೀನಾಮೆಗೂ ಈಸ್ಟರ್ ಘೋಷಣೆಗೂ ನಡುವೆ, ಕ್ವಿಸ್ಲಿಂಗ್ ಇನ್ನೊಂದು ಕೆಲಸವನ್ನೂ ಮಾಡಿದ್ದನು: 1851ರಲ್ಲಿ ವೆರ್ಗೆಲಾಂಡನ ಹೋರಾಟದಿಂದ ಅಳಿಸಿಹೋಗಿದ್ದ ಯೆಹೂದ್ಯನಿಷೇಧವನ್ನು ಸಂವಿಧಾನದಲ್ಲಿ ಮರಳಿ ಸೇರಿಸಿದನು. ನಾರ್ವೆಯಲ್ಲಿದ್ದ ಯೆಹೂದ್ಯರು ಸುಮಾರು 2,100 ಮಂದಿ. ಈಸ್ಟರ್ ಘೋಷಣೆಯ ಆರು ವಿಧಿಗಳಲ್ಲಿ ಯಾವುದೂ ಅವರಿಗೆ ಮೀಸಲಾಗಿರಲಿಲ್ಲ. ಅಕ್ಟೋಬರ್ 26ರಂದು ಅವರ ಗಂಡಸರನ್ನು ಬಂಧಿಸಿ, ಆಸ್ತಿಪಾಸ್ತಿಗಳನ್ನು ಮುಟ್ಟುಗೋಲು ಹಾಕಿದರು. ನವೆಂಬರ್ 10ರ ತಾರೀಖಿನಲ್ಲಿ ಸಭೆಯ ತಾತ್ಕಾಲಿಕ ಮುಖಂಡರು, ದೇವತಾಶಾಸ್ತ್ರದ ವಿದ್ಯಾಪೀಠಗಳು, ಇತರ ಸ್ವತಂತ್ರ ಕ್ರೈಸ್ತ ಸಂಘಗಳು ಕೂಡಿ ಕ್ವಿಸ್ಲಿಂಗನಿಗೆ ಪತ್ರ ಬರೆದು, ತೊಂಬತ್ತೊಂದು ವರ್ಷಗಳಿಂದ ಈ ನಾಡಿನಲ್ಲಿ ಕಾನೂನುಬದ್ಧವಾಗಿ ಬಾಳಿದವರ ಮೇಲೆ, ಹುಟ್ಟಿನ ಹೊರತು ಬೇರೆ ಅಪರಾಧವಿಲ್ಲದವರ ಮೇಲೆ ನಡೆಯುತ್ತಿರುವ ಈ ಅನ್ಯಾಯ ದೇವರ ಆಜ್ಞೆಗೆ ವಿರುದ್ಧವೆಂದು ಹೇಳಿದರು. ಅಂಥ ಪತ್ರವನ್ನು ಬರೆಯುವ ಧೈರ್ಯ ಯೂರೋಪಿನ ಬಹು ಕಡಿಮೆ ಸಭೆಗಳಿಗೆ ಬಂದಿತು. ಆದರೆ ಅದು ತಡವಾಗಿ ಬಂದಿತು. ನವೆಂಬರ್ 26ರ ನಸುಕಿನಲ್ಲಿ ಓಸ್ಲೋವಿನ ಸುಮಾರು ನೂರು ಟ್ಯಾಕ್ಸಿಗಳನ್ನು ಬಾಡಿಗೆಗೆ ಹಿಡಿದು, ಮನೆಮನೆಗೆ ಹೋಗಿ, ಹೆಂಗಸರನ್ನೂ ಮಕ್ಕಳನ್ನೂ ಮುದುಕರನ್ನೂ ಬಂದರಿಗೆ ತಂದರು. ಡೋನಾವ್ ಎಂಬ ಹಡಗು 532 ಮಂದಿಯನ್ನು ಹೊತ್ತು ಅಂದೇ ಮಧ್ಯಾಹ್ನ ಹೊರಟಿತು. ಡಿಸೆಂಬರ್ 1ರಂದು ಆಷ್‌ವಿಟ್ಸ್ ತಲಪಿದ ಆ ಹೆಂಗಸರು ಮಕ್ಕಳಲ್ಲಿ ಯಾರೂ ಆ ದಿನವನ್ನು ದಾಟಿ ಬದುಕಲಿಲ್ಲ. ಸಭೆಯ ಪತ್ರವನ್ನು ದೇವಾಲಯಗಳಲ್ಲಿ ಜನರಿಗೆ ಓದಿ ಹೇಳಿದ್ದು ಅನಂತರ, ಡಿಸೆಂಬರಿನ ಭಾನುವಾರಗಳಲ್ಲಿ. ನಾರ್ವೆಯ ಯೆಹೂದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಾಡುಗುಡ್ಡಗಳ ದಾರಿಯಿಂದ ಸ್ವೀಡನ್ನಿಗೆ ತಪ್ಪಿಸಿಕೊಂಡರು. ಹಡಗುಗಳಲ್ಲಿ ಸಾಗಿಸಲ್ಪಟ್ಟ ಏಳುನೂರಕ್ಕೂ ಮಿಕ್ಕವರಲ್ಲಿ ಹಿಂದಿರುಗಿದವರು ನಲವತ್ತಕ್ಕಿಂತ ಕಡಿಮೆ.

ಆ ನಸುಕಿನಲ್ಲಿ ಬಾಗಿಲು ತಟ್ಟಿದವರು ಬಹುಮಟ್ಟಿಗೆ ಜರ್ಮನರಲ್ಲ, ನಾರ್ವೆಯ ಪೋಲೀಸರು. ಅವರಲ್ಲಿ ಬಹುಪಾಲಿನವರು ಅದೇ ಸಭೆಯಲ್ಲಿ ದೀಕ್ಷಾಸ್ನಾನ ಹೊಂದಿದವರು, ಮೇಲಧಿಕಾರಿಗಳಿಗೆ ವಿಧೇಯರಾಗಿರಬೇಕೆಂಬ ಅದೇ ಪಾಠವನ್ನು ಕಲಿತವರು. ಪಾದ್ರಿಗೂ ಪೋಲೀಸನಿಗೂ ಗುರು ಒಬ್ಬನೇ, ಗ್ರಂಥ ಒಂದೇ, ಸಂಬಳ ಕೊಡುತ್ತಿದ್ದ ಬೊಕ್ಕಸವೂ ಒಂದೇ. ಒಬ್ಬನು ತನ್ನ ಅಧಿಕಾರದಲ್ಲಿ ರಾಜ್ಯದ್ದೆಷ್ಟು ದೇವರದ್ದೆಷ್ಟು ಎಂದು ವಿಂಗಡಿಸಿ ನೋಡಿದನು. ಇನ್ನೊಬ್ಬನಿಗೆ ಹಾಗೆ ನೋಡಲು ಯಾರೂ ಕಲಿಸಿರಲಿಲ್ಲ. ಆಗ್ಸ್‌ಬರ್ಗಿನ ವಿಧಿಯ ಎರಡನೆಯ ಭಾಗವನ್ನು ಶತಮಾನಗಳ ಕಾಲ ಪ್ರಸಂಗಪೀಠದಿಂದ ಹೇಳದೆ ಬಿಟ್ಟ ಹೊಣೆ ಸಭೆಯ ಮೇಲೆಯೇ ಉಳಿಯುತ್ತದೆ. 1942ರ ಈಸ್ಟರಿನ ಕೀರ್ತಿ ಆ ಹೊಣೆಯನ್ನು ಕಡಿಮೆ ಮಾಡುವುದಿಲ್ಲ.

ಬೆರ್ಗ್‌ಗ್ರಾವರು 1945ರ ಏಪ್ರಿಲಿನಲ್ಲಿ ಕಾವಲಿನಿಂದ ತಪ್ಪಿಸಿಕೊಂಡು, ಮರುತಿಂಗಳು ಬಿಡುಗಡೆಯಾದ ದೇಶವನ್ನು ಕಂಡು, 1959ರವರೆಗೆ ಬದುಕಿದರು. ಕ್ವಿಸ್ಲಿಂಗನಿಗೆ 1945ರ ಅಕ್ಟೋಬರಿನಲ್ಲಿ ಮರಣದಂಡನೆಯಾಯಿತು. ಓಸ್ಲೋವಿನಲ್ಲಿ ಯೆಹೂದ್ಯರ ಬಂಧನವನ್ನು ಸಂಘಟಿಸಿದ ಪೋಲೀಸ್ ಅಧಿಕಾರಿಯನ್ನು ನ್ಯಾಯಾಲಯ 1948ರಲ್ಲಿ ದೋಷಮುಕ್ತನೆಂದು ಬಿಟ್ಟಿತು. ಆತನು ಪುನಃ ಪೋಲೀಸ್ ಕೆಲಸಕ್ಕೆ ಸೇರಿದನು. ನಾರ್ವೆಯ ಪ್ರಧಾನಮಂತ್ರಿ ಆ ಬಂಧನಗಳಲ್ಲಿ ತಮ್ಮ ದೇಶದವರು ವಹಿಸಿದ ಪಾತ್ರಕ್ಕಾಗಿ ಸರಕಾರದ ಪರವಾಗಿ ಕ್ಷಮೆ ಬೇಡಿದ್ದು 2012ರ ಜನವರಿಯಲ್ಲಿ. ಸುವಾರ್ತಾ-ಲೂಥರನ್ ಮತವನ್ನು ರಾಜ್ಯದ ಮತವೆಂದು ಹೇಳುತ್ತಿದ್ದ ವಿಧಿಯನ್ನು ಅಲ್ಲಿಯ ಸಂಸತ್ತು ಸಂವಿಧಾನದಿಂದ ತೆಗೆದುಹಾಕಿದ್ದು ಅದೇ ವರ್ಷದ ಮೇ ತಿಂಗಳಲ್ಲಿ.